ಯುರೋಪಿನ ದಿನನಿತ್ಯದ ವೈನ್: ಎಲ್ಲಿ, ಎಷ್ಟು, ಯಾವುದು?

ಕೆಲಸಕ್ಕೋ ಓದಿಗೋ ಯುರೋಪಿಗೆ ಹೋದ ನಮ್ಮವರಲ್ಲಿ ತುಂಬ ಜನ ವೈನ್ ಎಂದ ಕೂಡಲೇ ಸೂಪರ್‌ಮಾರ್ಕೆಟ್ಟಿನ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಾರೆ. ಅಲ್ಲಿ ನೂರಾರು ಬಾಟಲಿ. ಯಾವ ದ್ರಾಕ್ಷಿ, ಯಾವ ವರ್ಷ, ಯಾವ ಊರು, ಲೇಬಲ್ಲಿನ ಮೇಲೆ ಪದಕ ಇದೆಯಾ? ಓದಿ ಓದಿ ಸುಸ್ತಾಗಿ ಕೊನೆಗೆ ಚೆಂದದ ಚಿತ್ರ ಇರುವ ಒಂದನ್ನು ಎತ್ತಿಕೊಂಡು ಬರುತ್ತಾರೆ. ನನ್ನ ಪ್ರಕಾರ ಆಯ್ಕೆ ಅಲ್ಲಿಂದ ಶುರುವಾಗಬಾರದು. ಅಲ್ಲಿನ ಜನ ವಾರದ ಮಧ್ಯೆ ಒಂದು ಗ್ಲಾಸ್ ವೈನ್ ಕುಡಿಯುವಾಗ ಲೇಬಲ್ ನೋಡುವುದೇ ಕಮ್ಮಿ. ಎಲ್ಲಿ ಕೂರುತ್ತೇವೆ, ಎಷ್ಟು ತರಿಸುತ್ತೇವೆ, ನೆಂಚಿಕೊಳ್ಳಲು ಏನಿದೆ, ಜೊತೆಗೆ ಯಾರಿದ್ದಾರೆ ಎಂಬುದು ಮೊದಲು ನಿರ್ಧಾರವಾಗುತ್ತದೆ. ಯಾವ ವೈನ್ ಎಂಬುದು ಆಮೇಲೆ.

ಅದಕ್ಕೇ ಇಲ್ಲಿ ಹೋಲಿಸುತ್ತಿರುವುದು ಕುಡಿಯುವ ಜಾಗಗಳನ್ನು, ಪದ್ಧತಿಗಳನ್ನು. ಫ್ರಾನ್ಸಿನ ಊಟದ ಜಗ್ಗು, ವೆನಿಸ್ಸಿನ ನಿಂತು ಕುಡಿಯುವ ಅಂಗಡಿ, ಸ್ಪೇನಿನ ಮಧ್ಯಾಹ್ನದ ಊಟ, ವಿಯೆನ್ನಾದ ತೋಟದ ಬೆಂಚು, ಜರ್ಮನಿ ಮತ್ತು ಹಂಗೇರಿಯ ಸೋಡಾ ಬೆರೆಸಿದ ಗ್ಲಾಸು. ಇವುಗಳಲ್ಲಿ ನಿಮಗೆ ಯಾವುದು ಸರಿ ಹೊಂದುತ್ತದೆ ಅಂತ ನೋಡೋಣ.

ಯುರೋಪಿನಲ್ಲಿ ಎಲ್ಲರೂ ದಿನಾ ವೈನ್ ಕುಡಿಯುತ್ತಾರೆ ಎಂಬ ನಂಬಿಕೆ ಹಳೆಯದಾಯಿತು. 1960ರ ಸುಮಾರಿಗೆ ಫ್ರಾನ್ಸಿನಲ್ಲಿ ತಲಾ ಒಬ್ಬರು ವರ್ಷಕ್ಕೆ 100 ಲೀಟರ್‌ಗೂ ಜಾಸ್ತಿ ವೈನ್ ಕುಡಿಯುತ್ತಿದ್ದರು. ಈಗ ಅದು 40 ಲೀಟರ್ ಆಸುಪಾಸಿಗೆ ಇಳಿದಿದೆ. 1956ರವರೆಗೆ ಅಲ್ಲಿನ ಶಾಲೆಯ ಊಟದ ಕೋಣೆಯಲ್ಲಿ ಚಿಕ್ಕ ಮಕ್ಕಳಿಗೂ ವೈನ್ ಸಿಗುತ್ತಿತ್ತು. ಆ ವರ್ಷ 14 ವರ್ಷದೊಳಗಿನವರಿಗೆ ನಿಲ್ಲಿಸಿದರು, 1981ರಲ್ಲಿ ದೊಡ್ಡ ಹುಡುಗರಿಗೂ ನಿಲ್ಲಿಸಿದರು. ಇವತ್ತು ಆಫೀಸಿನ ಊಟಕ್ಕೆ ಬರೀ ನೀರು ಕುಡಿಯುವ ಫ್ರೆಂಚರು ಬೇಕಾದಷ್ಟಿದ್ದಾರೆ. ನೀವೂ ನೀರು ತರಿಸಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ.

ಫ್ರಾನ್ಸ್: ಊಟದ ಜೊತೆ ಜಗ್ಗು

ಫ್ರಾನ್ಸಿನ ಸಾಧಾರಣ ಹೋಟೆಲಿನಲ್ಲಿ ಮನೆ ವೈನ್ ಅಂತ ಒಂದಿರುತ್ತದೆ. ಅದು ಬರುವುದು ಪಿಶೆ ಎಂಬ ಸಣ್ಣ ಜಗ್ಗಿನಲ್ಲಿ. 25 ಸೆಂಟಿಲೀಟರ್ ಎಂದರೆ ಎರಡು ಸಣ್ಣ ಗ್ಲಾಸು, 50 ಸೆಂಟಿಲೀಟರ್ ಎಂದರೆ ನಾಲ್ಕು. ಇಬ್ಬರಿಗೆ 25 ಸಾಕು. ಬರೀ "ದೆಮಿ" ಎಂದು ಕೇಳಿದರೆ ಮಾತ್ರ ಬಿಯರ್ ಬಂದುಬಿಡುತ್ತದೆ, ಯಾಕೆಂದರೆ ಕೆಫೆಗಳಲ್ಲಿ ಆ ಮಾತು ಗ್ಲಾಸ್ ಬಿಯರಿಗೆ ನಿಂತಿದೆ. ಮೆನುವಿನಲ್ಲಿ ಅಳತೆಯ ಮೇಲೆ ಬೆರಳಿಟ್ಟು ತೋರಿಸುವುದು ಸುಲಭ. ಜೊತೆಗೆ ಒಂದು "ಕರಾಫ್ ದೋ" ಕೇಳಿ. ನಲ್ಲಿ ನೀರು, ದುಡ್ಡಿಲ್ಲ, ಊಟ ಮಾಡುವವರಿಗೆ ಕೊಡಲೇಬೇಕು.

ಲಿಯಾನ್‌ನಲ್ಲಿ ಇದಕ್ಕೆ ದಪ್ಪ ತಳದ 46 ಸೆಂಟಿಲೀಟರ್ ಬಾಟಲಿಯೇ ಬೇರೆ ಇದೆ. ಒಳಗೆ ಹೆಚ್ಚಾಗಿ ಬೋಜೊಲೆ ಅಥವಾ ಕೋತ್ ದ್ಯು ರೋನ್ ಇರುತ್ತದೆ. ಬೋಜೊಲೆ ಕೆಂಪಾದರೂ ಹಗುರ, ಒಗರು ಕಮ್ಮಿ. ಕೆಂಪು ವೈನ್ ಬಾಯಿ ಒಣಗಿಸುತ್ತದೆ ಎಂದು ದೂರುವವರು ಇಲ್ಲಿಂದ ಶುರು ಮಾಡಬಹುದು. ಆದರೆ ಸಸ್ಯಾಹಾರಿಗಳಿಗೆ ಲಿಯಾನ್‌ನ ಹಳೆಯ ಊಟದ ಮನೆಗಳು ಕಷ್ಟ. ಅಲ್ಲಿನ ಅಡುಗೆಯೆಲ್ಲ ಹಂದಿ ಮತ್ತು ಒಳಾಂಗಗಳ ಮೇಲೆ ನಿಂತಿದೆ. ನಿಧಾನವಾಗಿ ಕೂತು ಒಂದೂವರೆ ಗಂಟೆ ಊಟ ಮಾಡುವ ಮನಸ್ಸು ಇರುವವರಿಗೆ ಮಾತ್ರ ಫ್ರಾನ್ಸಿನ ಜಗ್ಗು ಒಪ್ಪುತ್ತದೆ. ಗಡಿಬಿಡಿ ಇದ್ದರೆ ಇದನ್ನು ಬಿಡಿ.

ವೆನಿಸ್: ನಿಂತುಕೊಂಡೇ ಒಂದು ಸಣ್ಣ ಗ್ಲಾಸು

ಗಡಿಬಿಡಿ ಇರುವವರಿಗೆ, ಒಬ್ಬರೇ ಓಡಾಡುವವರಿಗೆ ವೆನಿಸ್ಸಿನ ಬಾಕರೋ ಎಂಬ ಪುಟ್ಟ ಅಂಗಡಿಗಳಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಮ್ಮ ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಕುಡಿದ ಹಾಗೆಯೇ ಇಲ್ಲೂ. ಒಳಗೆ ಹೋಗಿ, ಕೌಂಟರಿನಲ್ಲಿ "ಉನ್ ಓಂಬ್ರ" ಅನ್ನಿ. ಕೆಂಪು ಬೇಕೋ ಬಿಳಿ ಬೇಕೋ ಅಂತ ಕೇಳುತ್ತಾರೆ. ಎರಡು ಮೂರು ಯುರೋಗೆ ಒಂದು ಸಣ್ಣ ಗ್ಲಾಸ್ ಕೈಗೆ ಬರುತ್ತದೆ. ಗಾಜಿನ ಹಿಂದೆ ಚಿಕೆಟ್ಟಿ ಎಂಬ ಒಂದೊಂದೇ ತುತ್ತಿನ ತಿಂಡಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕಾಲುವೆಯ ಪಕ್ಕ ನಿಂತು ತಿಂದು, ಕುಡಿದು, ಗ್ಲಾಸ್ ವಾಪಸ್ ಇಟ್ಟು ಮುಂದಿನ ಅಂಗಡಿಗೆ ಹೋಗುವುದೇ ಅಲ್ಲಿನ ರೂಢಿ. ರಿಯಾಲ್ಟೊ ಮಾರುಕಟ್ಟೆಯ ಸುತ್ತಮುತ್ತ, ಕನ್ನರೆಜೊ ಕಡೆಯ ಕಾಲುವೆ ದಂಡೆಯಲ್ಲಿ ಇವು ಜಾಸ್ತಿ.

ತಿಂಡಿಗಳಲ್ಲಿ ಮೀನಿನದ್ದೇ ಮೇಲುಗೈ. ಕೆನೆಯಂತೆ ಅರೆದ ಒಣ ಕಾಡ್ ಮೀನು, ಈರುಳ್ಳಿ ಹುಳಿಯಲ್ಲಿ ಹಾಕಿದ ಸಾರ್ಡೀನ್ ಅಲ್ಲಿನ ಹೆಮ್ಮೆ. ಆದರೆ ಬೇಯಿಸಿದ ಆರ್ಟಿಚೋಕ್, ಚೀಸ್, ಸುಟ್ಟ ತರಕಾರಿ ಇಟ್ಟ ಬ್ರೆಡ್ ತುಂಡುಗಳೂ ಇರುತ್ತವೆ. ಎಲ್ಲವೂ ಕಣ್ಣೆದುರೇ ಇರುವುದರಿಂದ ಸಸ್ಯಾಹಾರಿಗಳಿಗೆ ತಪ್ಪಿ ಬೇರೇನೋ ಬರುವ ಭಯ ಕಮ್ಮಿ. ಹೆಸರು ಗೊತ್ತಿಲ್ಲದಿದ್ದರೂ ಬೆರಳು ತೋರಿಸಿದರೆ ಸಾಕು.

ಸಂಜೆ ಆರರ ಹೊತ್ತಿಗೆ ಎಲ್ಲರ ಕೈಯಲ್ಲೂ ಕಿತ್ತಳೆ ಬಣ್ಣದ ಸ್ಪ್ರಿಟ್ಸ್ ಕಾಣುತ್ತದೆ. ಪ್ರೊಸೆಕ್ಕೊ ಎಂಬ ನೊರೆಯುಕ್ಕುವ ಬಿಳಿ ವೈನ್, ಸೋಡಾ, ಮತ್ತು ಮೂರನೆಯದಾಗಿ ಕಹಿ ಮದ್ಯ ಒಂದು. ಅಪೆರೋಲ್ ಹಾಕಿದರೆ ಸಿಹಿ ಜಾಸ್ತಿ, ಹಗುರ. ಅದರಲ್ಲಿ ಆಲ್ಕೋಹಾಲ್ 11 ಪ್ರತಿಶತ. ಕಂಪಾರಿ ಹಾಕಿದರೆ ಕಹಿಯೂ ಜೋರು, ನಶೆಯೂ ಜೋರು. ವೆನಿಸ್ಸಿನದೇ ಆದದ್ದು 1920ರಲ್ಲಿ ಹುಟ್ಟಿದ ಸೆಲೆಕ್ಟ್, ಇವೆರಡರ ನಡುವೆ. ಹಾಗಲಕಾಯಿ ಇಷ್ಟಪಡುವವರಾದರೆ ಸೆಲೆಕ್ಟ್ ಕೇಳಿ, ಹೊಸಬರಾದರೆ ಅಪೆರೋಲ್.

ಇಟಲಿಯಲ್ಲಿ ಒಂದು ಎಚ್ಚರ ಬೇಕು. ನಿಂತರೆ ಒಂದು ಬೆಲೆ, ಕೂತರೆ ಇನ್ನೊಂದು. ಊಟದ ಹೋಟೆಲಿನಲ್ಲಿ ಕೋಪರ್ತೋ ಎಂಬ ತಲಾ ಶುಲ್ಕವೂ ಬಿಲ್ಲಿಗೆ ಸೇರುತ್ತದೆ. ಅದು ಮೋಸ ಅಲ್ಲ, ಪದ್ಧತಿ. ದೊಡ್ಡ ಚೌಕದ ಎದುರು ಕುರ್ಚಿ ಎಳೆದು ಕೂತರೆ ವೈನಿಗಿಂತ ಕುರ್ಚಿಗೇ ಜಾಸ್ತಿ ಕೊಡಬೇಕಾಗುತ್ತದೆ.

ಸ್ಪೇನ್: ಕಮ್ಮಿ ದುಡ್ಡಿಗೆ ಹೊಟ್ಟೆ ತುಂಬ

ವಿದ್ಯಾರ್ಥಿಗಳಿಗೆ, ಲೆಕ್ಕ ಹಾಕಿ ಖರ್ಚು ಮಾಡುವವರಿಗೆ ಸ್ಪೇನ್. ವಾರದ ದಿನಗಳಲ್ಲಿ ಮಧ್ಯಾಹ್ನ "ಮೆನು ದೆಲ್ ದಿಯಾ" ಎಂಬ ಊಟ ಸಿಗುತ್ತದೆ. ಮೊದಲ ತಟ್ಟೆ, ಎರಡನೆಯ ತಟ್ಟೆ, ಬ್ರೆಡ್, ಸಿಹಿ ಅಥವಾ ಕಾಫಿ, ಜೊತೆಗೆ ಕುಡಿಯಲು ವೈನೋ ನೀರೋ, ಎಲ್ಲ ಸೇರಿ ಒಂದೇ ಬೆಲೆ. 1960ರ ದಶಕದಲ್ಲಿ ಪ್ರವಾಸಿಗರಿಗೆಂದು ಸರ್ಕಾರವೇ ಶುರು ಮಾಡಿಸಿದ್ದು ಆಮೇಲೆ ಕೆಲಸಗಾರರ ಊಟವಾಯಿತು. ಸಣ್ಣ ಊರುಗಳಲ್ಲಿ ಮೇಜಿನ ಮೇಲೆ ಪೂರ್ತಿ ಬಾಟಲಿಯನ್ನೇ ಇಟ್ಟು ಹೋಗುತ್ತಾರೆ. ಮುಗಿಸಲೇಬೇಕು ಅಂತೇನಿಲ್ಲ. ಯಾರೂ ಮುಗಿಸುವುದಿಲ್ಲ.

ಬೇಸಿಗೆಯಲ್ಲಿ ಸಾಂಗ್ರಿಯಾ ಎಂಬ ಹಣ್ಣು ಬೆರೆಸಿದ ವೈನ್ ಕೇಳುವುದು ಹೆಚ್ಚಾಗಿ ಪ್ರವಾಸಿಗರು. ಅಲ್ಲಿನವರು ಕೇಳುವುದು ತಿಂತೋ ದೆ ವೆರಾನೊ: ಕೆಂಪು ವೈನ್, ಸಿಹಿ ಸೋಡಾ, ಐಸು, ನಿಂಬೆ ಹೋಳು. ಬೆಲೆಯೂ ಕಮ್ಮಿ. ಬಾಸ್ಕ್ ಹುಡುಗರು ಕೆಂಪು ವೈನಿಗೆ ಕೋಲಾ ಸಮಸಮ ಬೆರೆಸಿ ಕಲಿಮೊಚೊ ಮಾಡುತ್ತಾರೆ. ನನಗೆ ಹಿಡಿಸಿಲ್ಲ, ಸಿಹಿ ವಿಪರೀತ.

ಗ್ರನಾಡದಲ್ಲಿ ಪ್ರತಿ ಗ್ಲಾಸಿನ ಜೊತೆ ಒಂದು ಸಣ್ಣ ತಟ್ಟೆ ತಿಂಡಿ ಪುಕ್ಕಟೆ ಬರುತ್ತದೆ. ಆರಿಸುವುದು ಅವರೇ, ಆದ್ದರಿಂದ ಮಾಂಸ ಮೀನು ತಿನ್ನದವರು ಗ್ಲಾಸ್ ಕೇಳುವಾಗಲೇ ಹೇಳಿಬಿಡಬೇಕು. ರಿಯೋಹ ಪ್ರಾಂತ್ಯದ ಲೊಗ್ರೊನ್ಯೊ ಊರಿನ ಲೌರೆಲ್ ಬೀದಿಯಲ್ಲಿ ಬೆಣ್ಣೆಯಂಥ ಅಣಬೆ ಪ್ರಸಿದ್ಧ. ಅದರ ಮೇಲೆ ಒಂದು ಸಣ್ಣ ಸೀಗಡಿ ಕೂರಿಸಿರುತ್ತಾರೆ, "ಸಿನ್ ಗಂಬ" ಅನ್ನುವುದನ್ನು ಮರೆಯಬೇಡಿ. ಅಲ್ಲಿ ವೈನ್ ಕೇಳುವಾಗ ಎರಡೇ ಹೆಸರು ಸಾಕು. ಹೋವೆನ್ ಎಂದರೆ ಹೊಸದು, ಹಣ್ಣಿನ ರುಚಿ ಎದ್ದು ಕಾಣುತ್ತದೆ. ಕ್ರಿಯಾನ್ಸ ಎಂದರೆ ಎರಡು ವರ್ಷ ಹಳೆಯದು, ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ ಇದ್ದದ್ದು. ನಿಂತು ತಿನ್ನುವಾಗ ಹೋವೆನ್ ಸಾಕು.

ವಿಯೆನ್ನಾ: ಮನೆಮಂದಿಯೆಲ್ಲ ಹೋಗಬಹುದಾದ ಜಾಗ

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಸಣ್ಣ ಮಕ್ಕಳಿದ್ದಾರೆ, ಕುಡಿಯುವವರು ಇಬ್ಬರು, ಕುಡಿಯದವರು ನಾಲ್ವರು. ಇಂಥ ಗುಂಪಿಗೆ ನಾನು ಕಣ್ಣು ಮುಚ್ಚಿ ಹೇಳುವುದು ವಿಯೆನ್ನಾದ ಹೊಯ್ರಿಗರ್, ಅಂದರೆ ದ್ರಾಕ್ಷಿ ಬೆಳೆಗಾರರ ಮನೆಯಂಗಳದ ವೈನ್ ಅಂಗಡಿ. ಈ ಹೋಲಿಕೆಯಲ್ಲಿ ನನಗೆ ಅತಿ ಇಷ್ಟದ್ದೂ ಇದೇ.

ವಿಯೆನ್ನಾ ರಾಜಧಾನಿಯಾದರೂ ಊರಿನ ಎಲ್ಲೆಯೊಳಗೇ ಸುಮಾರು 600 ಹೆಕ್ಟೇರ್ ದ್ರಾಕ್ಷಿ ತೋಟ ಇದೆ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್, ರೈತರು ತಾವೇ ಬೆಳೆದು ಮಾಡಿದ ವೈನನ್ನು ತಮ್ಮ ಮನೆಯಲ್ಲೇ ಮಾರಬಹುದು ಎಂದು ಆಜ್ಞೆ ಹೊರಡಿಸಿದ. ಅಂದಿನಿಂದ ಇಂದಿನವರೆಗೂ ಅದು ನಡೆದುಕೊಂಡು ಬಂದಿದೆ. ಬಾಗಿಲ ಮೇಲೆ ಹಸಿರು ಕೊಂಬೆಯ ಗೊಂಚಲು ಕಟ್ಟಿದ್ದರೆ ತೆರೆದಿದೆ ಅಂತ ಅರ್ಥ. ಕಟ್ಟದಿದ್ದರೆ ಮುಚ್ಚಿದೆ. ಎಷ್ಟೋ ಮನೆಗಳು ವರ್ಷದಲ್ಲಿ ಕೆಲವು ವಾರ ಮಾತ್ರ ತೆರೆಯುತ್ತವೆ. ಹೋಗುವ ಮುಂಚೆ ಯಾವ ವಾರ ಯಾರದು ಎಂದು ನೋಡಿಕೊಳ್ಳಿ.

ಇಂಥ ಮನೆಗಳಿರುವ ಬಡಾವಣೆಗಳಲ್ಲಿ ಗ್ರಿನ್ಸಿಂಗ್ ಹೆಸರು ಎಲ್ಲರಿಗೂ ಗೊತ್ತು, ಬಸ್ಸುಗಳಲ್ಲಿ ಪ್ರವಾಸಿಗರೂ ಬರುತ್ತಾರೆ. ನನ್ನ ಒಲವು ಸ್ಟಾಮರ್ಸ್‌ಡಾರ್ಫ್ ಅಥವಾ ನುಸ್‌ಡಾರ್ಫ್ ಕಡೆಗೆ. ನುಸ್‌ಡಾರ್ಫಿಗೆ ಊರ ನಡುವಿನಿಂದ ಡಿ ನಂಬರಿನ ಟ್ರಾಮ್ ಹೋಗುತ್ತದೆ. ಇಳಿದು ಕಾಲೆನ್‌ಬರ್ಗ್ ಗುಡ್ಡದ ಕಡೆ ತೋಟಗಳ ನಡುವೆ ನಡೆದು ಬಂದು, ಸಂಜೆಗೆ ಮರದ ಬೆಂಚಿನಲ್ಲಿ ಕೂತರೆ ಅದೇ ಒಂದು ದಿನದ ಪ್ರವಾಸ.

ಅಳತೆ ಇಲ್ಲಿ ಸ್ಪಷ್ಟ. ಆಖ್ಟೆಲ್ ಎಂದರೆ ಲೀಟರಿನ ಎಂಟನೇ ಒಂದು ಭಾಗ, ಫಿಯರ್ಟೆಲ್ ಎಂದರೆ ಕಾಲು ಲೀಟರ್. ಆಖ್ಟೆಲ್‌ನಿಂದ ಶುರು ಮಾಡಿ. ಕೇಳಬೇಕಾದ್ದು ಗೆಮಿಶ್ಟರ್ ಸಾಟ್ಸ್. ಒಂದೇ ತೋಟದಲ್ಲಿ ಒಟ್ಟಿಗೆ ಬೆಳೆದ ಕನಿಷ್ಠ ಮೂರು ಬಿಳಿ ತಳಿಗಳನ್ನು ಒಟ್ಟಿಗೇ ಕಿತ್ತು, ಒಟ್ಟಿಗೇ ಹಿಂಡಿ ಮಾಡಿದ್ದು. ಹಿಂದೆ ಇದು ರೈತರಿಗೆ ವಿಮೆಯ ಹಾಗಿತ್ತು: ಒಂದು ತಳಿ ಮಂಜಿಗೆ ಸಿಕ್ಕಿ ಹಾಳಾದರೂ ಇನ್ನೊಂದು ಉಳಿಯುತ್ತಿತ್ತು. 2013ರಿಂದ ಇದಕ್ಕೆ ಕಾನೂನಿನ ರಕ್ಷಣೆಯೂ ಇದೆ. ಬಿಸಿಲಿದ್ದರೆ ಅರ್ಧಕ್ಕರ್ಧ ಸೋಡಾ ಹಾಕಿದ ವೈಸರ್ ಸ್ಪ್ರಿಟ್ಸರ್ ಕೇಳಬಹುದು. ಮಕ್ಕಳಿಗೂ ಕುಡಿಯದವರಿಗೂ ಅದೇ ತೋಟದ ದ್ರಾಕ್ಷಿ ರಸ ಸಿಗುತ್ತದೆ. ಅಮ್ಮನ ಕೈಗೂ ಅಂಥದೇ ಗ್ಲಾಸ್ ಬರುತ್ತದೆ, ಯಾರೂ ಹೊರಗಿನವರಾಗಿ ಉಳಿಯುವುದಿಲ್ಲ. ಇದಕ್ಕಾಗಿಯೇ ಹೊಯ್ರಿಗರ್ ನನಗೆ ಇಷ್ಟ.

ಊಟ ಒಳಗಿನ ಕೌಂಟರಿನಲ್ಲಿ, ತೂಕದ ಲೆಕ್ಕದಲ್ಲಿ. ಮೆಣಸಿನಪುಡಿ ಬೆರೆಸಿದ ಚೀಸಿನ ಲಿಪ್ಟವರ್ ಮತ್ತು ಕಪ್ಪು ಬ್ರೆಡ್ ತೆಗೆದುಕೊಳ್ಳಿ, ಸಸ್ಯಾಹಾರಿಗಳು ಇದರಲ್ಲಿ ಮೀನು ಬೆರೆಸಿಲ್ಲವೆಂದು ಕೇಳಿಕೊಂಡು ತಿನ್ನಬಹುದು. ಆಲೂಗಡ್ಡೆ ಸಲಾಡ್ ನೋಡಲು ಸಾಧು, ಆದರೆ ಅದಕ್ಕೆ ದನದ ಮಾಂಸದ ತಿಳಿಸಾರು ಹಾಕುವುದು ವಿಯೆನ್ನಾದ ರೂಢಿ. ಕೇಳದೆ ತಿನ್ನಬೇಡಿ. ಬ್ರೆಡ್ಡಿಗೆ ಸವರುವ ಬಿಳಿ ಮುದ್ದೆಗಳಲ್ಲಿ ಹಂದಿ ಕೊಬ್ಬಿನದ್ದೂ ಇರುತ್ತದೆ, ಅದನ್ನೂ ಕೇಳಿಕೊಳ್ಳಿ.

ಜರ್ಮನಿ, ಹಂಗೇರಿ: ಸೋಡಾ ಬೆರೆಸುವವರು

ಫ್ರಾಂಕ್‌ಫರ್ಟ್, ಸ್ಟುಟ್‌ಗಾರ್ಟ್ ಕಡೆ ಇರುವ ಕನ್ನಡಿಗರಿಗೆ ವಿಯೆನ್ನಾದವರೆಗೆ ಹೋಗುವ ಅಗತ್ಯವಿಲ್ಲ. ಅಲ್ಲೂ ರೈತರ ಮನೆಯಂಗಳದ ವೈನ್ ಅಂಗಡಿಗಳಿವೆ. ರೈನ್ ಕಡೆ ಸ್ಟ್ರೌಸ್‌ವಿರ್ಟ್‌ಶಾಫ್ಟ್ ಎನ್ನುತ್ತಾರೆ, ಸ್ಟುಟ್‌ಗಾರ್ಟ್ ಸುತ್ತ ಬಾಗಿಲಿಗೆ ಪೊರಕೆ ಕಟ್ಟಿ ಬೇಸೆನ್ ಎನ್ನುತ್ತಾರೆ. ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ, 40 ಆಸನಕ್ಕಿಂತ ಜಾಸ್ತಿ ಇಲ್ಲ ಎಂಬ ಕಾನೂನು ಹಲವು ಕಡೆ ಇದೆ. ಹಾಗಾಗಿ ಇಕ್ಕಟ್ಟು. ಅಪರಿಚಿತರ ಪಕ್ಕ ಸರಿದು ಕೂರಬೇಕು, ಮಾತು ಶುರುವಾಗುತ್ತದೆ. ಜರ್ಮನ್ ಕಲಿಯುತ್ತಿರುವವರಿಗೆ ಇದು ತರಗತಿಗಿಂತ ಲಾಭ.

ಪ್ಫಾಲ್ಟ್ಸ್ ಪ್ರಾಂತ್ಯದಲ್ಲಿ ಅರ್ಧ ಲೀಟರಿನ ಗುಳಿ ಗುಳಿ ಗ್ಲಾಸಿನಲ್ಲಿ ವೈನ್ ಮತ್ತು ಸೋಡಾ ಬೆರೆಸಿದ ಶೋರ್ಲೆ ಕೊಡುತ್ತಾರೆ. ಆ ಊರಿನವರು ಸೋಡಾ ಹಾಕುವ ಕೈ ಬಿಗಿ, ವೈನೇ ಜಾಸ್ತಿ. ಹೊಸಬರು ಇಬ್ಬರು ಸೇರಿ ಒಂದು ಗ್ಲಾಸ್ ತೆಗೆದುಕೊಳ್ಳುವುದು ಒಳ್ಳೆಯದು. ವ್ಯೂರ್ಟ್ಸ್‌ಬುರ್ಗ್‌ನ ಹಳೆಯ ಸೇತುವೆಯ ಮೇಲೆ ಸಂಜೆ ಜನ ಸಿಲ್ವಾನರ್ ಎಂಬ ಬಿಳಿ ವೈನಿನ ಗ್ಲಾಸ್ ಹಿಡಿದು ನಿಂತಿರುತ್ತಾರೆ. ಗ್ಲಾಸಿಗೆ ಠೇವಣಿ ಕೊಟ್ಟು, ವಾಪಸ್ ಕೊಟ್ಟಾಗ ದುಡ್ಡು ಹಿಂದೆ ಪಡೆಯಬೇಕು.

ಬೆರೆಸುವ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ ಇರುವವರು ಹಂಗೇರಿಯವರು. ವೈನಿಗೆ ಸೋಡಾ ಬೆರೆಸಿದ ಅವರ ಫ್ರಚ್‌ನಲ್ಲಿ ಪ್ರಮಾಣಕ್ಕೊಂದು ಹೆಸರಿದೆ. ಒಂದು ಡೆಸಿಲೀಟರ್ (100 ಮಿಲಿ) ವೈನಿಗೆ ಒಂದು ಸೋಡಾ ಹಾಕಿದರೆ ಕಿಶ್‌ಫ್ರಚ್. ಎರಡಕ್ಕೆ ಒಂದಾದರೆ ನಾಡ್ಯ್‌ಫ್ರಚ್. ಒಂದು ವೈನಿಗೆ ಎರಡು ಸೋಡಾ ಆದರೆ ಹೊಸ್ಸೂಲೇಪೇಶ್. ಬುಡಾಪೆಸ್ಟಿನ ಜುಲೈ ಬಿಸಿಲಿಗೆ ಈ ಕೊನೆಯದೇ ಸರಿ. ಎರಡು ಗಂಟೆ ಹರಟೆ ಹೊಡೆದರೂ ತಲೆಗೆ ಏರುವುದಿಲ್ಲ, ಬಾಯಾರಿಕೆಯೂ ತಣಿಯುತ್ತದೆ.

ಮನೆಗೆ ತರುವುದಾದರೆ

ಈಗ ಮತ್ತೆ ಸೂಪರ್‌ಮಾರ್ಕೆಟ್ಟಿಗೆ ಬರೋಣ. ಮನೆಯಲ್ಲಿ ಇಬ್ಬರೇ ಇದ್ದು ವಾರಕ್ಕೆ ಒಂದೆರಡು ಸಲ ಕುಡಿಯುವವರಿಗೆ ಬಾಟಲಿ ಅಷ್ಟು ಸರಿ ಹೋಗುವುದಿಲ್ಲ. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಮೂರು ದಿನಕ್ಕೆ ರುಚಿ ಕಳೆದುಕೊಳ್ಳಲು ಶುರು ಮಾಡುತ್ತದೆ. ಆಗ ವ್ಯರ್ಥವಾಗುತ್ತದಲ್ಲಾ ಅಂತ ಬೇಡದಿದ್ದರೂ ಕುಡಿಯುತ್ತೇವೆ. ಫ್ರಾನ್ಸಿನಲ್ಲಿ 3 ಅಥವಾ 5 ಲೀಟರಿನ ಡಬ್ಬಿ ವೈನ್ ಎಲ್ಲ ಕಡೆ ಸಿಗುತ್ತದೆ. ಒಳಗಿನ ಚೀಲಕ್ಕೆ ಗಾಳಿ ಹೋಗುವುದಿಲ್ಲ, ನಲ್ಲಿ ತಿರುಗಿಸಿ ಬೇಕಾದಷ್ಟೇ ಹಿಡಿಯಬಹುದು, ತೆರೆದ ಮೇಲೂ ಒಂದು ತಿಂಗಳು ಚೆನ್ನಾಗಿರುತ್ತದೆ. ಇಟಲಿಯಲ್ಲಿ ಬಿಡಿ ವೈನ್ ಅಂಗಡಿಗಳಿಗೆ ಖಾಲಿ ಬಾಟಲಿ ತೆಗೆದುಕೊಂಡು ಹೋದರೆ ಲೀಟರಿನ ಲೆಕ್ಕದಲ್ಲಿ ತುಂಬಿಸಿ ಕೊಡುತ್ತಾರೆ. ಅದು ಬೇಗ ಕೆಡುತ್ತದೆ, ಹೆಚ್ಚು ತರಬೇಡಿ.

ನಮ್ಮ ಅಡುಗೆಗೆ ಯಾವುದು? ಖಾರ ಇರುವ ಕಡೆ ಗಟ್ಟಿ ಕೆಂಪು ವೈನ್ ಬೇಡ. ಜಾಸ್ತಿ ಆಲ್ಕೋಹಾಲ್ ಮತ್ತು ಒಗರು ಎರಡೂ ಬಾಯಿಯ ಉರಿ ಹೆಚ್ಚಿಸುತ್ತವೆ. ಬಿಸಿಬೇಳೆಬಾತು, ಹುಳಿ, ವಾಂಗೀಬಾತಿನಂಥ ಹುಣಸೆ ಬಿದ್ದ ಊಟಕ್ಕೆ ವೈನಿನಲ್ಲೂ ಹುಳಿ ಇರಬೇಕು, ಇಲ್ಲದಿದ್ದರೆ ವೈನ್ ಸಪ್ಪೆ ಅನ್ನಿಸುತ್ತದೆ. ಈ ಎರಡಕ್ಕೂ ಒಪ್ಪುವುದು ಜರ್ಮನಿಯ ಮೋಸೆಲ್ ಕಣಿವೆಯ, ಸ್ವಲ್ಪ ಸಿಹಿ ಇರುವ ರೀಸ್ಲಿಂಗ್ ಎಂಬ ಬಿಳಿ ವೈನ್, ಲೇಬಲ್ಲಿನ ಮೇಲೆ ಕಬಿನೆಟ್ ಎಂದಿರುವುದು. ಆಲ್ಕೋಹಾಲ್ ಅನೇಕ ಸಲ 8ರಿಂದ 10 ಪ್ರತಿಶತ ಅಷ್ಟೇ. ಜರ್ಮನ್ ಲೇಬಲ್ಲಿನಲ್ಲಿ ಟ್ರೊಕೆನ್ ಎಂದರೆ ಸಿಹಿ ಇಲ್ಲ, ಹಾಲ್ಬ್‌ಟ್ರೊಕೆನ್ ಅಥವಾ ಫೈನ್‌ಹೆರ್ಬ್ ಎಂದರೆ ಸ್ವಲ್ಪ ಸಿಹಿ, ಲೀಬ್ಲಿಖ್ ಎಂದರೆ ಸಿಹಿ. ಕೆಂಪೇ ಬೇಕೆನ್ನುವವರು ಬೊಲೊನ್ಯ ಕಡೆಯ ನೊರೆಯುಕ್ಕುವ ಲಂಬ್ರುಸ್ಕೊವನ್ನು ತಣ್ಣಗೆ ಮಾಡಿ ಪಕೋಡದ ಜೊತೆ ಕುಡಿದು ನೋಡಿ. ಮೊಸರನ್ನಕ್ಕೆ ಯಾವ ವೈನೂ ಬೇಕಿಲ್ಲ.

ಶುದ್ಧ ಸಸ್ಯಾಹಾರಿಗಳು ಇನ್ನೊಂದು ವಿಷಯ ತಿಳಿದಿರಬೇಕು. ವೈನನ್ನು ತಿಳಿ ಮಾಡಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್, ಜೆಲಟಿನ್ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಬಳಸುತ್ತಾರೆ. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಯುರೋಪಿನ ಕಾನೂನಿನಂತೆ ಲೇಬಲ್ಲಿನಲ್ಲಿ ಹೇಳಬೇಕು. ಜೆಲಟಿನ್, ಮೀನಿನದ್ದನ್ನು ಹೇಳಬೇಕಿಲ್ಲ. 2023ರ ಡಿಸೆಂಬರ್‌ನಿಂದ ಹೊಸ ವೈನ್‌ಗಳಿಗೆ ಪದಾರ್ಥಗಳ ಪಟ್ಟಿ ಕಡ್ಡಾಯವಾಗಿದ್ದರೂ ಅದರಲ್ಲೂ ಇವು ಕಾಣುವುದಿಲ್ಲ. ಹಾಗಾಗಿ ವೀಗನ್ ಗುರುತು ನೋಡಿ ತೆಗೆದುಕೊಳ್ಳುವುದೇ ಸುರಕ್ಷಿತ.

ಆರೋಗ್ಯದ ಬಗ್ಗೆ ನೇರವಾಗಿ ಹೇಳಬೇಕು. ದಿನಾ ಒಂದು ಗ್ಲಾಸ್ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಎಂಬ ಮಾತನ್ನು ನಂಬಿ ಯಾರೂ ಶುರು ಮಾಡಬೇಡಿ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ 2023ರ ಜನವರಿಯಲ್ಲಿ ಹೇಳಿದೆ. ಕುಡಿಯದವರು ಕುಡಿಯದೇ ಇರಲಿ. ಕುಡಿಯುವವರು ಊಟದ ಜೊತೆ, ನೀರಿನ ಜೊತೆ, ಸಣ್ಣ ಅಳತೆಯಲ್ಲಿ ಕುಡಿಯಲಿ.

ಕಾರಿದ್ದರೆ ಅಂದು ದ್ರಾಕ್ಷಿ ರಸವೇ ಇರಲಿ. ಫ್ರಾನ್ಸ್, ಇಟಲಿ, ಸ್ಪೇನ್, ಜರ್ಮನಿ, ಆಸ್ಟ್ರಿಯಾಗಳಲ್ಲಿ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ. ಹೊಸ ಲೈಸೆನ್ಸಿನವರಿಗೆ ಇನ್ನೂ ಕಮ್ಮಿ, ಜರ್ಮನಿ ಮತ್ತು ಇಟಲಿಯಲ್ಲಿ ಸೊನ್ನೆ. ಹಂಗೇರಿ, ಜೆಕ್ ದೇಶಗಳಲ್ಲಿ ಎಲ್ಲರಿಗೂ ಸೊನ್ನೆ. ಈ ಪಟ್ಟಿಯಲ್ಲಿ ನಾನು ವಿಯೆನ್ನಾವನ್ನು ಮೇಲಿಟ್ಟದ್ದಕ್ಕೆ ಟ್ರಾಮ್ ಕೂಡ ಒಂದು ಕಾರಣ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ಲಿ ಇರುವವರಿಗೆ ಮತ್ತೊಂದು ಆಯ್ಕೆ ಇದೆ. ಹುದುಗು ಇನ್ನೂ ಮುಗಿಯದ, ಮಬ್ಬಾದ, ಸಿಹಿ ಸಿಹಿ ಹೊಸ ರಸ. ಆಸ್ಟ್ರಿಯಾದಲ್ಲಿ ಸ್ಟುರ್ಮ್, ಜರ್ಮನಿಯಲ್ಲಿ ಫೆಡರ್‌ವೈಸರ್, ಜೆಕ್ ಕಡೆ ಬುರ್ಚಾಕ್. ಜ್ಯೂಸಿನ ಹಾಗೆ ಇಳಿಯುತ್ತದೆ, ಆಲ್ಕೋಹಾಲ್ ಮಾತ್ರ ದಿನದಿಂದ ದಿನಕ್ಕೆ ಏರುತ್ತಿರುತ್ತದೆ. ಜರ್ಮನಿಯಲ್ಲಿ ಇದರ ಜೊತೆ ಕೊಡುವ ಈರುಳ್ಳಿ ಕೇಕಿನಲ್ಲಿ ಹಂದಿ ಮಾಂಸದ ಚೂರುಗಳಿರುವುದು ಸಾಮಾನ್ಯ, ವಿಚಾರಿಸಿ. ಬಾಟಲಿ ಕೊಂಡರೆ ಮುಚ್ಚಳ ಬಿಗಿಯಾಗಿರುವುದಿಲ್ಲ, ಗಾಳಿ ಹೊರಹೋಗಲೆಂದು ಹಾಗೇ ಬಿಟ್ಟಿರುತ್ತಾರೆ. ಬ್ಯಾಗಿನಲ್ಲಿ ಮಲಗಿಸಬೇಡಿ, ಕೈಯಲ್ಲಿ ನೆಟ್ಟಗೆ ಹಿಡಿದು ತನ್ನಿ. ಫ್ರಿಜ್ಜಿನಲ್ಲೂ ನಿಲ್ಲಿಸಿಯೇ ಇಟ್ಟು ಎರಡು ಮೂರು ದಿನದೊಳಗೆ ಮುಗಿಸಿ.